ವಾಪಸ್ ಹೋಗುವ ವೈರು

ಮೇ 29, ಸೋಮವಾರ

ಬಾಗಿಲು ಎಳೆದು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಲಾರಿಯೊಂದು ಒಂದು ಮಿನಿಬಸ್ಸನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಜನ ನನ್ನ ಗ್ಯಾರೇಜಿಗೆ ಬರುವುದೇ ಹೀಗೆ. ಮೊದಲು ಕೊಚಬಂಬಾ ಪೇಟೆಯ ಎಲ್ಲ ಕಳ್ಳ ಮೆಕ್ಯಾನಿಕ್ಕುಗಳ ಹತ್ತಿರ ಹೋಗುತ್ತಾರೆ, ಅವರು ಕೈಬಿಟ್ಟ ಮೇಲೆ ನನ್ನ ಊಟದ ಹೊತ್ತಿಗೆ ಇಲ್ಲಿ ಬಂದು ನಿಲ್ಲುತ್ತಾರೆ.

ಗಾಡಿ ಕ್ಲೀಸಾ ಊರಿನ ನೀಲ್ಡಾ ರೊಕಾಬಾದೋ ಎಂಬ ಹೆಂಗಸಿನದು. ನಲವತ್ತರ ಆಸುಪಾಸು, ಬಾಯಿ ನಿಲ್ಲುವುದಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಕಣಿವೆಯ ಊರುಗಳಿಂದ ಏಳು ಮಂದಿ ರೋಗಿಗಳನ್ನು ಡಯಾಲಿಸಿಸ್‌ಗೆ ಪೇಟೆಗೆ ತರುತ್ತಾಳಂತೆ, ಸಂಜೆ ವಾಪಸ್ ಬಿಡುತ್ತಾಳಂತೆ. ದಾರಿಯಲ್ಲಿ ಎಂಜಿನ್ ಆರಿಹೋಗುತ್ತದೆ. "ಸತ್ತು ಮಲಗತ್ತೆ ಮೇಸ್ತ್ರಿ. ಅರ್ಧ ಗಂಟೆ ಬಿಟ್ಟು ಏನೂ ಆಗದವರ ಹಾಗೆ ಎದ್ದು ಕೂರತ್ತೆ. ಇವತ್ತು ಏಳಲೇ ಇಲ್ಲ."

ಸ್ಕ್ಯಾನರು ಚುಚ್ಚಿದೆ. ಎಂಜಿನ್ ಕಂಪ್ಯೂಟರು ಉತ್ತರ ಕೊಡಲಿಲ್ಲ. ಕೀಲಿ ತಿರುಗಿಸಿದರೆ ಹಳದಿ ದೀಪವೂ ಹತ್ತುವುದಿಲ್ಲ. ಕಂಪ್ಯೂಟರಿಗೆ ಕರೆಂಟು ಬಿಡುವ ರಿಲೇ ಟಿಕ್ ಅನ್ನುತ್ತದೋ ಇಲ್ಲವೋ ಕೇಳೋಣವೆಂದರೆ ಗಾಡಿಯೊಳಗೆ ಏನೋ ಗುಂಯ್ ಅಂತಿತ್ತು. ರೇಡಿಯೋ, ದೀಪ, ಫ್ಯಾನು ಎಲ್ಲ ಆರಿಸಿದೆ. ರಿಲೇ ಕಿತ್ತು ಹೊಸದು ಹಾಕಿದೆ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. "ಇಷ್ಟೇನಾ?" ಅಂದಳು. ಇಷ್ಟೇ ಅಂದೆ.

ಮನೆಯಲ್ಲಿ ಕಡಲೆಕಾಯಿ ಸಾರು ಆರಿ ಗಟ್ಟಿಯಾಗಿತ್ತು.

ಮೇ 31, ಬುಧವಾರ

ಇಷ್ಟೇ ಅಲ್ಲ. ಅಂಗೊಸ್ತೂರಾ ಅಣೆಕಟ್ಟಿನ ಹತ್ತಿರ ಮತ್ತೆ ನಿಂತಿತಂತೆ. ಫೋನಿನಲ್ಲಿ ನೀಲ್ಡಾ ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. "ನಿಮ್ಮ ರಿಲೇ ಚೆನ್ನಾಗಿದೆ ಮೇಸ್ತ್ರಿ, ಗಾಡಿಗೇ ಅದು ಗೊತ್ತಾಗಿಲ್ಲ," ಅಂದಳು. ಹಿಂದಿನಿಂದ ಯಾವುದೋ ಮುದುಕಿ ನಕ್ಕಿದ್ದು ಕೇಳಿಸಿತು.

ನನ್ನ ಹೆಂಡತಿ ಬೆರ್ತಾ ಊಟದ ಮೇಜಿನಲ್ಲಿ ಬೈಗುಳ ಆಡಬಾರದೆಂದು ಹೇಳಿದ್ದಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜೂನ್ 2, ಶುಕ್ರವಾರ

ನನಗೆ ಹೇಳದೆ ಕೇಳದೆ ಸಂತೆಪೇಟೆಯಲ್ಲಿ ಯಾರೋ ಅವಳಿಗೆ ಹಳೆಯ ಕಂಪ್ಯೂಟರೊಂದನ್ನು ಮಾರಿದ್ದಾರೆ. "ಹೃದಯವೇ ಹೋಗಿದೆ ಅಕ್ಕಾ, ಬದಲಾಯಿಸಿಬಿಡಿ," ಅಂದನಂತೆ. ಬದಲಾಯಿಸಿಕೊಂಡು ಬಂದಳು. ಮೂವತ್ತೆಂಟು ವರ್ಷದಿಂದ ಹೇಳುತ್ತಿದ್ದೇನೆ, ಕಂಪ್ಯೂಟರು ತಾನಾಗಿ ಕೆಡುವುದು ನೂರಕ್ಕೆ ಒಂದು. ಮಿಕ್ಕ ತೊಂಬತ್ತೊಂಬತ್ತು ಸಲ ಅದಕ್ಕೆ ಯಾರೋ ಅನ್ನ ಹಾಕಿಲ್ಲ, ಇಲ್ಲವೇ ಅದರ ಬಾಯಿ ಕಟ್ಟಿದ್ದಾರೆ.

ಹಳೆಯದನ್ನೇ ವಾಪಸ್ ಹಾಕಿದೆ. ರೋಗಿಗಳು ಡಯಾಲಿಸಿಸ್‌ನಲ್ಲಿದ್ದಷ್ಟು ಹೊತ್ತೂ ಅದರ ಮುಂದೆ ಕುಳಿತೆ. ಬ್ಯಾಟರಿ ಸರಿ. ಫ್ಯೂಸು ಸರಿ. ಕಂಪ್ಯೂಟರಿಗೆ ಕರೆಂಟು ಬರುತ್ತಿದೆ. ಸ್ಕ್ಯಾನರಿಗೆ ಮಾತು ಒಯ್ಯುವ ವೈರು ಎಲ್ಲೂ ತುಂಡಾಗಿಲ್ಲ, ಎಲ್ಲೂ ಗಾಡಿಯ ತಗಡಿಗೆ ತಾಗಿಲ್ಲ. ಸೆನ್ಸರುಗಳನ್ನು ಒಂದೊಂದಾಗಿ ಕಿತ್ತು ಹಾಕಿ ನೋಡಿದೆ. ಯಾವುದೂ ಕಳ್ಳನಲ್ಲ. ಸ್ಕ್ಯಾನರು ಗಿಳಿಯ ಹಾಗೆ ಮಾತಾಡುತ್ತದೆ. ಸತ್ತಾಗ ಕೈಗೆ ಸಿಗುವುದಿಲ್ಲ, ಕೈಗೆ ಸಿಕ್ಕಾಗ ಸಾಯುವುದಿಲ್ಲ. ಹುಚ್ಚು ಹಿಡಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಇನ್ನೊಂದು. ಇದು ಜಪಾನಿನಿಂದ ಬಲಗಡೆ ಸ್ಟೇರಿಂಗು ಇಟ್ಟುಕೊಂಡು ಬಂದ ಗಾಡಿ. ಇಲ್ಲಿ ಎಡಗಡೆಗೆ ತಿರುಗಿಸಿದ್ದಾರೆ. ಹಾಗೆ ತಿರುಗಿಸಿದಾಗ ವೈರನ್ನೆಲ್ಲ ಕತ್ತರಿಸಿ ಉದ್ದ ಮಾಡಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟರೆ ತೊಡೆ ಗಾತ್ರದ ಕಪ್ಪು ಟೇಪಿನ ಮೂಟೆ ಕಾಣುತ್ತದೆ. ಒಬ್ಬರ ಮೇಲೊಬ್ಬರು ಸುತ್ತುತ್ತ ಹೋಗಿದ್ದಾರೆ. ಮೊದಲು ಮಾಡಿದವನು ಯಾವ ಕಟುಕನೋ. ಪೂರ್ತಿ ಬಿಚ್ಚಿ ನೋಡಲು ಒಂದು ಇಡೀ ದಿನ ಬೇಕೆಂದೆ. ಒಂದು ದಿನವೂ ಕೊಡಲಾರಳಂತೆ. ರೋಗಿಗಳಿಲ್ಲದ ದಿನಗಳಲ್ಲಿ ಸಂತೆಗೆ ಆಲೂಗೆಡ್ಡೆ ಹೊರುತ್ತಾಳೆ.

ಜೂನ್ 5, ಸೋಮವಾರ

ಇವತ್ತು ನಿಲ್ಲಲಿಲ್ಲವಂತೆ. ನಾನು ನಂಬುವುದಿಲ್ಲ.

ಜೂನ್ 7, ಬುಧವಾರ

ಅರವತ್ತೊಂದನೆಯ ವಯಸ್ಸಿನಲ್ಲಿ ಗಿರಾಕಿಯ ಗಾಡಿಯಲ್ಲಿ ಸವಾರಿ ಹೋಗಬೇಕಾಯಿತು. ಸಾಯುವಾಗ ಜೊತೆಗಿದ್ದರೆ ತಾನೇ ಹಿಡಿಯಲಾಗುವುದು. ಬೆಳಿಗ್ಗೆ ಒಂಬತ್ತಕ್ಕೆ ಕ್ಲೀಸಾಗೆ ಹೋಗಿ ಹತ್ತಿದೆ, ಮುಂದಿನ ಸೀಟಿನಲ್ಲಿ ಸ್ಕ್ಯಾನರು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹೋಗುವಾಗ ಏನೂ ಆಗಲಿಲ್ಲ. ಡಯಾಲಿಸಿಸ್ ಕೇಂದ್ರದ ಹೊರಗೆ ನಾಲ್ಕು ಗಂಟೆ ಕಾಯುವುದು ಬೇರೆ. ಬರುವಾಗಲೂ ಏನೂ ಆಗಲಿಲ್ಲ.

ಪ್ರಯಾಣಿಕರ ಉಪದ್ರವ ಹೇಳತೀರದು. ಅನಿಸೆತೋ ಎಂಬ ನಿವೃತ್ತ ಮೇಷ್ಟ್ರು ಪ್ರತಿ ತಿರುವಿನಲ್ಲೂ ಎಷ್ಟು ಕಿಲೋಮೀಟರು ಆಯಿತೆಂದು ಹೇಳುತ್ತಾನೆ. ಅಸುಂತಾ ಎಂಬ ಮುದುಕಿ, ಹಿಂದೆ ಚೀಚಾ ಹೆಂಡ ಮಾರುತ್ತಿದ್ದವಳು, ನನ್ನ ಸ್ಕ್ಯಾನರು ನೋಡಿ, "ಇದರಲ್ಲಿ ಟೀವಿ ಬರತ್ತಾ?" ಅಂದಳು. ಬರುವಾಗ ಹೀಟರು ಹಾಕಿದ್ದರು, ಮುಂದಿನ ಸೀಟಿನಲ್ಲಿ ನನಗೆ ಬೆಂದು ಹೋಗುವ ಹಾಗಾಯಿತು. ಆರಿಸಿದೆ. ಹಿಂದಿನಿಂದ ಚಳಿ ಚಳಿ ಅಂದರು. ಬಿಸಿಲಿನಲ್ಲಿ ಯಾವ ಚಳಿ? ಕಿವಿಗೆ ಹಾಕಿಕೊಳ್ಳಲಿಲ್ಲ.

ದಾರಿಯಲ್ಲಿ ಒಬ್ಬರೂ ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ.

ಜೂನ್ 9, ಶುಕ್ರವಾರ

ನಾನು ಹೋಗಲಿಲ್ಲ. ನಿಂತಿತಂತೆ. ಬರುವಾಗ, ಅಣೆಕಟ್ಟಿನ ಹತ್ತಿರವೇ. ನಾನಿದ್ದರೆ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ನನ್ನ ಫೋಟೋ ಒಂದು ಡ್ಯಾಶ್‌ಬೋರ್ಡಿಗೆ ಅಂಟಿಸುತ್ತೇನೆಂದು ನೀಲ್ಡಾ ಹೇಳಿದಳು, ಸಂತರ ಚಿತ್ರದ ಪಕ್ಕದಲ್ಲಿ.

ನಿಲ್ಲುವುದು ಯಾವಾಗಲೂ ವಾಪಸ್ ಬರುವಾಗ. ದಿನವೆಲ್ಲ ಬಿಸಿಲಲ್ಲಿ ನಿಂತು ಕಂಪ್ಯೂಟರು ಕಾಯುತ್ತದೆ, ಒಳಗೆ ಎಲ್ಲೋ ಬೆಸುಗೆ ಬಿರುಕು ಬಿಟ್ಟಿದೆ. ಇದೇ ಇರಬೇಕು. ಹಾಗಾದರೆ ಆ ಸಂತೆಪೇಟೆಯ ಕಳ್ಳ ಹೇಳಿದ್ದೇ ಸರಿ ಅಂತಾಗುತ್ತದೆ. ಇದನ್ನು ಬರೆಯುವಾಗಲೇ ಹೊಟ್ಟೆ ಉರಿಯುತ್ತದೆ.

ಜೂನ್ 12, ಸೋಮವಾರ

ಕಂಪ್ಯೂಟರು ಬಿಚ್ಚಿ, ಬೆರ್ತಾಳ ಹೇರ್ ಡ್ರೈಯರಿನಿಂದ ಕಾಯಿಸಿ ನೋಡಿದೆ. ಮುಟ್ಟಲಾಗದಷ್ಟು ಕಾದರೂ ಕೆಲಸ ಮಾಡುತ್ತಲೇ ಇತ್ತು. ಡ್ರೈಯರು ಸುಟ್ಟುಹೋಯಿತು.

ಜೂನ್ 14, ಬುಧವಾರ

ಜೂನ್ ಚಳಿಗಾಲವಲ್ಲವೇ, ತೆಂಕಣದ ಶೀತಗಾಳಿ ಬಂದಿದೆ. ಬೆಳಿಗ್ಗೆ ಮೋಡ, ಉಸಿರು ಬಿಟ್ಟರೆ ಹೊಗೆ. ಹತ್ತೂವರೆಗೆ ನೀಲ್ಡಾ ಫೋನು. ಗಾಡಿ ನಿಂತಿದೆ, ಹೋಗುವ ದಾರಿಯಲ್ಲಿ. ಬಿಸಿಲೂ ಇಲ್ಲ, ಕಾದಿದ್ದೂ ಇಲ್ಲ. ನನ್ನ ಲೆಕ್ಕವೆಲ್ಲ ಮಣ್ಣುಪಾಲು.

ಹೊರಟೆ. ಅಣೆಕಟ್ಟು ಮುಟ್ಟಿದಾಗ ಏಳು ಮಂದಿ ರೋಗಿಗಳೂ ರಸ್ತೆ ಬದಿಯಲ್ಲಿ ನಿಂತಿದ್ದರು, ಬಂದ ಗಾಡಿಗಳೆಲ್ಲ ತುಂಬಿದ್ದವು. ಕೊನೆಗೆ ಈರುಳ್ಳಿ ಲಾರಿಯೊಂದು ಎಲ್ಲರನ್ನೂ ಹತ್ತಿಸಿಕೊಂಡಿತು. ಯೊವಾನಾ ಎಂಬ ಹುಡುಗಿಯನ್ನು ನಾನೇ ಕೈ ಹಿಡಿದು ಮೇಲೆತ್ತಿದೆ. ಇಪ್ಪತ್ತಾರು ವರ್ಷ, ಹಕ್ಕಿಯಷ್ಟು ತೂಕ. ಕೇಂದ್ರ ತಲುಪುವಾಗ ಒಂದೂವರೆ. ಅವರ ಸರದಿ ದಾಟಿತ್ತು. ನರ್ಸು ಕಾಡಿ ಬೇಡಿ ಆರು ಮಂದಿಗೆ ಅರ್ಧರ್ಧ ಅವಧಿ ಹೊಂದಿಸಿಕೊಟ್ಟಳು. ಏಳನೆಯವರಿಗೆ ಯಂತ್ರವಿರಲಿಲ್ಲ. ಅಸುಂತಾ ತಾನು ಶುಕ್ರವಾರ ಮಾಡಿಸಿಕೊಳ್ಳುತ್ತೇನೆ ಬಿಡಿ ಅಂದಳು. ಬೆಂಚಿನ ಮೇಲೆ ಕುಳಿತು ಹೊರಗಿನವರಿಗೆ ಹಳೆಯ ಹೆಂಡದಂಗಡಿಯ ಕಥೆ ಹೇಳುತ್ತಿದ್ದಳು.

ಮಧ್ಯಾಹ್ನ ಅಣೆಕಟ್ಟಿಗೆ ವಾಪಸ್ ಹೋದಾಗ ಗಾಡಿ ಒಂದೇ ಸಲಕ್ಕೆ ಹತ್ತಿತು. ಅದರ ಮುಂದಿನ ಚಕ್ರಕ್ಕೆ ಒದ್ದೆ. ಕಾಲು ಊದಿದೆ.

ಜೂನ್ 15, ಗುರುವಾರ

ಅಸುಂತಾಗೆ ಬೆಳಿಗ್ಗೆ ಉಸಿರು ಕಟ್ಟಿತಂತೆ. ಶ್ವಾಸಕೋಶದಲ್ಲಿ ನೀರು. ದೊಡ್ಡಾಸ್ಪತ್ರೆಯಲ್ಲಿದ್ದಾರೆ.

ಇವತ್ತು ಯಾವ ಗಾಡಿಯನ್ನೂ ಮುಟ್ಟಲಿಲ್ಲ.

ಜೂನ್ 16, ಶುಕ್ರವಾರ

ಬರೆಯುವುದು ಬಹಳ ಇದೆ.

ಎರಡು ಸಣ್ಣ ಬಲ್ಬು ತೆಗೆದುಕೊಂಡು ಹೋಗಿದ್ದೆ. ಒಂದು ಕಂಪ್ಯೂಟರಿಗೆ ಕರೆಂಟು ತರುವ ವೈರಿಗೆ, ಇನ್ನೊಂದು ಅಲ್ಲಿಂದ ಕರೆಂಟು ವಾಪಸ್ ಹೋಗುವ ಅರ್ತ್ ವೈರಿಗೆ. ಮೀಟರನ್ನು ನಂಬಿ ಕೆಟ್ಟಿದ್ದು ಸಾಕು. ಮೀಟರಿಗೆ ಒಂದು ಎಳೆ ತಾಮ್ರ ಸಿಕ್ಕರೂ ಎಲ್ಲ ಸರಿ ಅನ್ನುತ್ತದೆ, ಬಲ್ಬಿಗೆ ಹೊಟ್ಟೆ ತುಂಬ ಬೇಕು.

ಹೋಗುವಾಗ ಎರಡೂ ಚೆನ್ನಾಗಿ ಉರಿದವು. ಸಂಜೆ ಕೇಂದ್ರದಿಂದ ಹೊರಬಂದಾಗ ಯೊವಾನಾ ನಡುಗುತ್ತಿದ್ದಳು. ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತು. ಹೊರಗೆ ಬಿಸಿಲಿತ್ತು. ಯಂತ್ರದೊಳಗೆ ಹೋಗಿ ಬಂದ ರಕ್ತ ತಣ್ಣಗಿರುತ್ತದೆ, ಪ್ರತಿ ಸಲವೂ ಹೀಗೇ ಎಂದು ದೋನ್ ಅನಿಸೆತೋ ಮೇಷ್ಟ್ರು ಹೇಳಿದರು. ಅವಳನ್ನು ಮುಂದೆ ಕೂರಿಸಿ ನಾನು ಹಿಂದೆ ಹೋದೆ. ಉದ್ದ ವೈರು ಎಳೆದು ಬಲ್ಬುಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಹೀಟರು ಪೂರ್ತಿ ಇಟ್ಟಳು. ಅಸುಂತಾರ ಸೀಟು ಖಾಲಿ ಇತ್ತು. ಅದರಲ್ಲಿ ಯಾರೂ ಕೂರಲಿಲ್ಲ, ನಾನೂ.

ಚೀಲದಲ್ಲಿ ಒಣ ಪೀಚಿನ ಪಾನಕ ಇತ್ತು. ಇವರಿಗೆ ದಿನಕ್ಕೆ ಎರಡು ಲೋಟದ ಮೇಲೆ ಏನೂ ಕುಡಿಯುವ ಹಾಗಿಲ್ಲ. ಹೊರಗೆ ತೆಗೆಯಲಿಲ್ಲ.

ಅಣೆಕಟ್ಟು ಇನ್ನೂ ಒಂದು ಕಿಲೋಮೀಟರು ಎಂದು ದೋನ್ ಅನಿಸೆತೋ ಹೇಳುತ್ತಿದ್ದ ಹಾಗೆ ಎರಡನೆಯ ಬಲ್ಬು ಕೆಂಪಗಾಯಿತು. ಮೊದಲನೆಯದು ಹಾಗೇ ಬೆಳ್ಳಗಿದೆ. ಕೆಂಪು ಬಲ್ಬು ಕೆಂಡದ ಹಾಗೆ ಕುಂದುತ್ತ ಬಂತು, ಎಂಜಿನ್ ಎರಡು ಸಲ ಕೆಮ್ಮಿ ಆರಿತು.

"ಯಾರೂ ಏನೂ ಮುಟ್ಟಬೇಡಿ," ಅಂದೆ.

ನೀಲ್ಡಾ ಅಭ್ಯಾಸದಂತೆ ಎಲ್ಲ ಆರಿಸಲು ಕೈ ಚಾಚಿದ್ದವಳು ನಿಂತಳು. ಗಾಡಿಯೊಳಗೆ ಒಂದೇ ಸದ್ದು. ಹೀಟರಿನ ಬ್ಲೋಯರು, ಬಿಸಿಗಾಳಿ ಊದುವ ಫ್ಯಾನು, ಸೋತ ದನಿಯಲ್ಲಿ ಗುಂಯ್ ಅನ್ನುತ್ತಿತ್ತು. ಮೊದಲ ದಿನ ಕೇಳಿಸಿದ್ದೂ ಅದೇ. ಅವತ್ತು ಅದನ್ನು ಹಾಕಿಯೇ ಬಿಟ್ಟಿದ್ದರು, ಆರಿಸಿದ್ದು ನಾನೇ. ಗಾಡಿ ಎದ್ದಿದ್ದು ಅದರಿಂದ, ನನ್ನ ರಿಲೇಯಿಂದಲ್ಲ.

ಹೀಟರು ಆರಿಸಲು ಹೇಳಿದೆ. ಬಲ್ಬು ಮೆಲ್ಲಗೆ ಬೆಳಗಿತು. ಹಾಕಲು ಹೇಳಿದೆ, ಮತ್ತೆ ಕೆಂಪು. ಮೂರು ಸಲ ಮಾಡಿಸಿದೆ. ಕಂಪ್ಯೂಟರೂ ಬ್ಲೋಯರೂ ಒಂದೇ ಅರ್ತ್ ಗಂಟಿನಲ್ಲಿ ಸಿಕ್ಕಿಕೊಂಡಿವೆ, ಗಂಟು ಕೆಟ್ಟಿದೆ. ಅರ್ಧ ಗಂಟೆ ಬ್ಲೋಯರು ಓಡಿದರೆ ಗಂಟು ಕಾದು ಕಂಪ್ಯೂಟರಿನ ದಾರಿ ಮುಚ್ಚುತ್ತದೆ. ಹೀಟರು ಹಾಕುತ್ತಿದ್ದುದು ಬರುವಾಗ, ಶೀತಗಾಳಿಯ ದಿನ ಮಾತ್ರ ಬೆಳಿಗ್ಗೆಯೇ.

ಹೀಟರು ಯಾವಾಗಿನಿಂದ ಇದೆ ಎಂದು ಕೇಳಿದೆ.

"ವರ್ಷಗಟ್ಟಲೆ ಕೆಟ್ಟು ಬಿದ್ದಿತ್ತು. ಇವರಿಗೆ ಚಳಿ ಆಗತ್ತಲ್ಲ ಅಂತ ಮೇ ತಿಂಗಳಲ್ಲಿ ಮಾಡಿಸಿದೆ."

"ನನಗೆ ಯಾಕೆ ಹೇಳಲಿಲ್ಲ ತಂಗಿ?"

"ನೀವು ಕೇಳಿದ್ರಾ ಮೇಸ್ತ್ರಿ?"

ಇತ್ತೀಚೆಗೆ ಗಾಡಿಯಲ್ಲಿ ಏನು ಬದಲಾಯಿಸಿದ್ದೀರಿ? ಯಾವ ಗಾಡಿ ಬಂದರೂ ಕೇಳಬೇಕಾದ ಮೊದಲ ಪ್ರಶ್ನೆ. ನಾನು ಕೇಳಿರಲಿಲ್ಲ. ಏಳನೆಯ ತಾರೀಖು ಹೀಟರು ಆರಿಸಿ ಕುಳಿತವನೂ ನಾನೇ.

ನನ್ನ ಜಾಕೀಟು ಯೊವಾನಾಳಿಗೆ ಹೊದಿಸಿ, ಹೀಟರಿಲ್ಲದೆ ಎಲ್ಲರನ್ನೂ ಮನೆ ಮುಟ್ಟಿಸಿದೆವು. ನಾಳೆ ಗಾಡಿ ಬಿಟ್ಟು ಹೋಗುತ್ತೇನೆಂದು ನೀಲ್ಡಾ ಒಪ್ಪಿದಳು, ಆಲೂಗೆಡ್ಡೆ ಹಾಳಾಗಿ ಹೋಗಲಿ ಅಂದಳು. ಕಟುಕನ ಕೈಕೆಲಸ ನಾಳೆ ನೋಡುತ್ತೇನೆ.

ಜೂನ್ 17, ಶನಿವಾರ

ಡ್ಯಾಶ್‌ಬೋರ್ಡು ಪೂರ್ತಿ ಇಳಿಸಿದೆ. ಟೇಪಿನ ಮೇಲೆ ಟೇಪು, ನಾಲ್ಕು ಪದರ. ಎಲ್ಲದರ ಒಳಗೆ ಒಂಬತ್ತು ಅರ್ತ್ ವೈರು ಒಟ್ಟಿಗೆ ತಿರುಚಿ, ಬೆಸುಗೆ ಇಲ್ಲದೆ, ಪೇಂಟೂ ಕೆರೆಯದ ತಗಡಿಗೆ ಒಂದೇ ಬೋಲ್ಟಿನಿಂದ ಬಿಗಿದಿದೆ. ಪಾಚಿಯ ಹಾಗೆ ಹಸಿರು ಹಿಡಿದಿದೆ. ಗಂಟಿನ ಮೇಲೆ ಮೇಣ ತೀಡಿದ ದಾರ, ಎಂಟು ಸುತ್ತು, ಕೊನೆಯನ್ನು ಒಳಕ್ಕೆ ಮಡಚಿ ಕಟ್ಟಿದ್ದು.

ಚಪ್ಪಲಿ ಹೊಲಿಯುವ ದಾರ. ನನ್ನ ಅಪ್ಪ ಚಮ್ಮಾರ. ಟೇಪು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆಂದು ಅಪ್ಪನ ದಾರದಿಂದ ವೈರು ಕಟ್ಟುತ್ತಿದ್ದವನು ಈ ಪೇಟೆಯಲ್ಲಿ ಒಬ್ಬನೇ.

ಆಗ ವಾರಕ್ಕೆ ಎರಡು ಗಾಡಿ ಸ್ಟೇರಿಂಗು ತಿರುಗಿಸುತ್ತಿದ್ದೆ. ಹೊರಗೆ ಸಾಲು ನಿಂತಿರುತ್ತಿತ್ತು. ಒಂಬತ್ತು ವೈರಿಗೆ ಒಂಬತ್ತು ಜಾಗ ಕೆರೆಯಲು, ಬೆಸೆಯಲು ಒಂದು ಗಂಟೆ ಬೇಕು. ಒಂದೇ ಕಡೆ ತಿರುಚಿದರೆ ಹತ್ತು ನಿಮಿಷ.

ಗಂಟು ಕತ್ತರಿಸಿದೆ. ಕಂಪ್ಯೂಟರಿಗೆ ಬೇರೆ ಅರ್ತ್, ಬ್ಲೋಯರಿಗೆ ಬೇರೆ. ಪೇಂಟು ಕೆರೆದು ಬೆಸೆದು ಬಿಗಿದೆ. ಹೀಟರು ಪೂರ್ತಿ ಇಟ್ಟು ಎರಡು ಗಂಟೆ ಎಂಜಿನ್ ಓಡಿಸಿದೆ. ಎರಡು ಬಲ್ಬೂ ಬೆಳ್ಳಗೆ.

ನೀಲ್ಡಾ ಬಂದು ಎಲ್ಲಿತ್ತು ತಪ್ಪು ಎಂದಳು. ಹಳೆಯ ಗಂಟು ಅಂದೆ. ಯಾರು ಕಟ್ಟಿದ್ದು ಎಂದು ಅವಳು ಕೇಳಲಿಲ್ಲ.

ಜೂನ್ 18, ಭಾನುವಾರ

ಬೆರ್ತಾಳಿಗೂ ಹೇಳಲಿಲ್ಲ. ಹೇರ್ ಡ್ರೈಯರು ಸುಟ್ಟಿದ್ದಕ್ಕೆ ತಾನು ಬೈದಳೆಂದು ನಾನು ಮುನಿಸಿಕೊಂಡಿದ್ದೇನೆಂದು ತಿಳಿದಿದ್ದಾಳೆ.

ಜೂನ್ 19, ಸೋಮವಾರ

ನಾನೂ ಜೊತೆಗೆ ಹೋಗಿದ್ದೆ, ಗಾಡಿ ನಿಲ್ಲಲಿಲ್ಲ. ಇಳಿಯುವಾಗ ದೋನ್ ಅನಿಸೆತೋ ಎಲ್ಲರ ಪರವಾಗಿ ನನಗೆ ಒಂದು ಡಜನ್ ಮೊಟ್ಟೆ ಕೊಟ್ಟರು. ನೀಲ್ಡಾ, "ನಮ್ಮ ಮೇಸ್ತ್ರಿ ಕೈ ಚಿನ್ನದ ಕೈ," ಅಂದಳು.

ಆಗ ಹೇಳಿಬಿಟ್ಟೆ. ಈ ಗಾಡಿಯ ವೈರು ಕಟ್ಟಿದವನು ನಾನು, ಗಂಟು ನನ್ನದು ಎಂದೆ. ನೀಲ್ಡಾ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಆಮೇಲೆ ಹೇಳಿದಳು: "ನನಗೆ ಹೇಳಿದ್ರಿ, ಸರಿ. ಆಸ್ಪತ್ರೆಯಲ್ಲಿ ಒಬ್ರು ಮಲಗಿದಾರೆ. ಅವರಿಗೆ ಯಾರು ಹೇಳ್ತಾರೆ?"

ಮೊಟ್ಟೆ ವಾಪಸ್ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಮೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆ.

ಜೂನ್ 21, ಬುಧವಾರ

ರಜೆಯ ದಿನ. ದೊಡ್ಡಾಸ್ಪತ್ರೆಗೆ ಹೋದೆ. ದೋನ್ಯಾ ಅಸುಂತಾ ದಿಂಬಿಗೆ ಒರಗಿ ಕುಳಿತಿದ್ದರು. ಮೂಗಿಗೆ ನಳಿಗೆ, ಎರಡು ಜಡೆ ನೀಟಾಗಿ ಹೆಣೆದಿತ್ತು. ನನ್ನನ್ನು ನೋಡಿ, "ಟೀವಿ ತಂದ್ಯಾ?" ಅಂದರು.

ನಿಂತುಕೊಂಡೇ ಹೇಳಿದೆ. ಹೀಟರು, ಗಂಟು, ದಾರ, ಹತ್ತು ನಿಮಿಷ, ಒಂದು ಗಂಟೆ, ಎಲ್ಲ. ಅವರು ಬೈಯುತ್ತಾರೆ ಅಥವಾ ಹೋಗಲಿ ಬಿಡು ಅನ್ನುತ್ತಾರೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಹೊದಿಕೆಯ ಅಂಚು ಮಡಚಿದರು.

"ಹೀಗೆ ಕಟ್ಟಿದ್ದು ಇದೊಂದೇ ಗಾಡಿನಾ?"

ಪಕ್ಕದಲ್ಲಿ ಅವರ ಪಾಲಿನ ಅರ್ಧ ಲೋಟ ನೀರಿತ್ತು. ಅದನ್ನೇ ನೋಡುತ್ತ ನಿಂತೆ.

"ಇಲ್ಲ," ಅಂದೆ.

"ನಾನು ಹೆಂಡ ಮಾರ್ತಿದ್ದಾಗ ಒಂದು ಸಲ ಮಡಕೆ ಕೆಟ್ಟಿತ್ತು. ಒಬ್ಬ ಬಂದು ಹೊಟ್ಟೆನೋವು ಅಂದ. ಅವನ ಹತ್ತಿರ ತಪ್ಪಾಯ್ತು ಅಂತ ಕೂರಲಿಲ್ಲ ನಾನು. ಅವತ್ತು ಯಾರ್ಯಾರು ಕುಡಿದಿದ್ರೋ ಅವರ ಮನೆ ಮನೆಗೆ ಹೋದೆ." ಆಮೇಲೆ ಸುಸ್ತಾಗಿ ಕಣ್ಣು ಮುಚ್ಚಿದರು.

ಮನೆಗೆ ಬಂದು ಎಣಿಸಿದೆ. ನಾಲ್ಕು ವರ್ಷ. ಮುನ್ನೂರಕ್ಕೆ ಕಡಿಮೆ ಇಲ್ಲ.

ಜೂನ್ 23, ಶುಕ್ರವಾರ

ತಗಡಿನ ಮೇಲೆ ನಾನೇ ಬರೆದು ಗ್ಯಾರೇಜಿನ ಬಾಗಿಲಿಗೆ ನೇತುಹಾಕಿದೆ: "2004ರಿಂದ 2008ರವರೆಗೆ ಇಲ್ಲಿ ಸ್ಟೇರಿಂಗು ತಿರುಗಿಸಿದ ಗಾಡಿಗಳ ಅರ್ತ್ ಗಂಟು ಬದಲಾಯಿಸಬೇಕು. ತಪ್ಪು ನನ್ನದು. ಕಾಸು ಬೇಡ. ಎವಾರಿಸ್ತೋ ವೇಸಾಗಾ."

ಎದುರು ಗ್ಯಾರೇಜಿನ ಲಿಂಬರ್ಟ್ ರಸ್ತೆ ದಾಟಿ ಬಂದು ಎರಡು ಸಲ ಓದಿದ. "ಮಾವ, ತಪ್ಪು ನನ್ನದು ಅಂತ ಬರೆದರೆ ಇನ್ನು ಪೇಟೆಯಲ್ಲಿ ಕೆಟ್ಟಿದ್ದೆಲ್ಲ ನಿನ್ನ ತಲೆಗೇ," ಅಂದ. ಅವನು ಹೇಳಿದ್ದು ಸರಿ. ಮಧ್ಯಾಹ್ನದೊಳಗೆ ಒಬ್ಬ ಪಂಕ್ಚರ್ ಆದ ಟೈರು ಉರುಳಿಸಿಕೊಂಡು ಬಂದ.

ಬೆರ್ತಾ ಬೋರ್ಡು ಓದಿದಳು. ಮೊಟ್ಟೆ ಹುರಿದು ಕೊಟ್ಟಳು.

ಜೂನ್ 28, ಬುಧವಾರ

ಈವರೆಗೆ ಹದಿನೇಳು ಗಾಡಿ. ಹನ್ನೊಂದು ಹಸಿರು ಹಿಡಿದಿದ್ದವು, ಆರು ಚೆನ್ನಾಗಿದ್ದವು. ಚೆನ್ನಾಗಿದ್ದರೂ ಕತ್ತರಿಸಿದೆ. ಒಬ್ಬ ಟ್ಯಾಕ್ಸಿಯವನು, ಪುಕ್ಕಟೆ ಅಂದರೆ ಏನೋ ಕಳ್ಳತನ ಇರಬೇಕೆಂದು ಮೂರು ಗಂಟೆ ನನ್ನ ಬೆನ್ನಿಗೇ ನಿಂತು ನೋಡಿದ. ಇನ್ನೊಬ್ಬ ಹಾರ್ನನ್ನೂ ಸರಿ ಮಾಡಿಸಿಕೊಂಡ. ಬೆನ್ನು ಮುರಿದು ಹೋಗಿದೆ. ಜನಕ್ಕೆ ನಾಚಿಕೆ ಎಂಬುದಿಲ್ಲ. ಬರದೇ ಇರುವವರ ಮೇಲೆ ಇನ್ನೂ ಸಿಟ್ಟು. ಪುನಾತಾದ ಶಾಲೆಯ ವ್ಯಾನೊಂದು ನಾನು ಕಟ್ಟಿದ್ದು. ಎರಡು ಸಲ ಹೇಳಿ ಕಳಿಸಿದರೂ ಬಂದಿಲ್ಲ. ಭಾನುವಾರ ನಾನೇ ಹೋಗಬೇಕು.

ಜುಲೈ 3, ಸೋಮವಾರ

ದೋನ್ಯಾ ಅಸುಂತಾ ಆಸ್ಪತ್ರೆಯಿಂದ ಬಂದ ಮೇಲೆ ಇವತ್ತು ಮೊದಲ ಸಲ ಗಾಡಿ ಹತ್ತುತ್ತಾರೆಂದು ನೀಲ್ಡಾ ಫೋನು ಮಾಡಿದ್ದಳು. ಕ್ಲೀಸಾಗೆ ಹೋದೆ. ಬಲ್ಬುಗಳನ್ನೂ ತೆಗೆದುಕೊಂಡು ಹೋಗಿದ್ದೆ, ಯಾವುದಕ್ಕೂ ಇರಲಿ ಅಂತ. ಅವರು ಇನ್ನೂ ತೆಳ್ಳಗಾಗಿದ್ದಾರೆ. ಇಬ್ಬರು ಹಿಡಿದು ಹತ್ತಿಸಿದೆವು. ನಾನು ಪಕ್ಕದಲ್ಲಿ ಕುಳಿತೆ. ಹೀಟರು ಪೂರ್ತಿ ಇಟ್ಟಿದ್ದರು. ಯಾರೂ ಆರಿಸಲಿಲ್ಲ.

ಅಣೆಕಟ್ಟು ದಾಟಿದ ಮೇಲೆ ದೋನ್ಯಾ ಅಸುಂತಾ ಕೇಳಿದರು: "ಎಷ್ಟು ಬಿಚ್ಚಿದೆ?"

"ಇಪ್ಪತ್ತಾರು."

"ಇನ್ನೆಷ್ಟಿದೆ?"

"ಬಹಳ ಇದೆ."

"ಹಾಗಿದ್ರೆ ಇಲ್ಯಾಕೆ ಕೂತಿದ್ದೀಯ?" ಅಂದರು. "ನೀಲ್ಡಾ, ನಿಲ್ಲಿಸು. ಇವನು ಇಳೀತಾನೆ."

ನೀಲ್ಡಾ ಗಾಡಿ ನಿಲ್ಲಿಸಿದಳು. ನಾನು ಇಳಿದೆ.